ಪುಟ್ಟ ಮಕ್ಕಳೊಂದಿಗೆ ದುಬೈಯ ಲೆಗೊಲ್ಯಾಂಡಿನಲ್ಲಿ ಒಂದು ದಿನ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಆಸುಪಾಸಿನಲ್ಲಿ ಗಲ್ಫಿನ ನಂಟಿಲ್ಲದ ಮನೆ ಸಿಗುವುದು ಕಷ್ಟ. ನನ್ನ ತಮ್ಮನೂ ಓದು ಮುಗಿಸಿದ ಮೇಲೆ ದುಬೈ ಸೇರಿದವನು ಈಗ ಹೆಂಡತಿ ಮತ್ತು ಇನ್ನೂ ವರ್ಷ ತುಂಬದ ಮಗುವಿನೊಂದಿಗೆ ಅಲ್ ಖುಸೈಸಿನಲ್ಲಿ ಸಂಸಾರ ಹೂಡಿದ್ದಾನೆ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ “ಅಕ್ಕ, ಭಾವನನ್ನೂ ಮಕ್ಕಳನ್ನೂ ಕರೆದುಕೊಂಡು ಒಮ್ಮೆ ಬಾ” ಎಂದು ಹೇಳುವುದು ಅವನ ರೂಢಿ. ಅಡಿಕೆ ಕೊಯ್ಲು, ಶಾಲೆ, ಮನೆಯ ದನಕರು ಎಂದು ನಾವು ಮುಂದೂಡುತ್ತ ಬಂದಿದ್ದೆವು. ಮಗುವನ್ನು ನೋಡಲು ಅಮ್ಮ ಹೊರಟಾಗ, ಅವರೊಬ್ಬರನ್ನೇ ವಿಮಾನ ಹತ್ತಿಸುವುದು ಹೇಗೆಂಬ ಪ್ರಶ್ನೆ ಎದ್ದು, ಕ್ರಿಸ್ಮಸ್ ರಜೆಗೆ ನಾವೂ ಅವರ ಜೊತೆಗೆ ಹೊರಡುವುದೆಂದು ತೀರ್ಮಾನವಾಯಿತು. ಆ ಪ್ರವಾಸದ ಉಳಿದ ದಿನಗಳ ವಿಚಾರ ಇಲ್ಲಿ ಹೇಳುವುದಿಲ್ಲ. ಆರೂವರೆ ವರ್ಷದ ಮಗಳು ಮತ್ತು ಮೂರು ತುಂಬಿ ಕೆಲವೇ ತಿಂಗಳಾದ ಮಗನನ್ನು ಕರೆದುಕೊಂಡು ಒಂದು ಇಡೀ ದಿನವನ್ನು ಲೆಗೊ ಎಂಬ ಆಟಿಕೆ ಇಟ್ಟಿಗೆಗಳ ಹೆಸರಿನ ಮನರಂಜನಾ ಪಾರ್ಕಾದ ಲೆಗೊಲ್ಯಾಂಡಿನಲ್ಲಿ ಕಳೆದ ಬಗೆಯನ್ನಷ್ಟೇ ಬರೆಯುತ್ತೇನೆ.

ಯಾವ ಪಾರ್ಕಿಗೆ ಹೋಗುವುದೆಂಬುದೇ ಮೊದಲ ಚರ್ಚೆಯಾಯಿತು. ಆ ನಾಡಿನಲ್ಲಿ ಇಂಥವಕ್ಕೆ ಬರಗಾಲವಿಲ್ಲ. ಅಬುಧಾಬಿಯ ಯಾಸ್ ದ್ವೀಪದಲ್ಲಿ 2010ರಿಂದ ಫೆರಾರಿ ವರ್ಲ್ಡ್ ಇದೆ. ಅಲ್ಲಿಯ ಒಂದು ರೋಲರ್ ಕೋಸ್ಟರ್ ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಓಡುತ್ತದೆಂದು ತಮ್ಮ ಉತ್ಸಾಹದಿಂದ ವರ್ಣಿಸಿದ. ಸಿನಿಮಾಗಳ ಲೋಕವನ್ನೇ ಕಟ್ಟಿನಿಲ್ಲಿಸಿದ ಮೋಷನ್‌ಗೇಟ್ ದುಬೈಯಲ್ಲೇ ಇದೆ. ಇವೆಲ್ಲ ದೊಡ್ಡವರಿಗೆ, ಹದಿಹರೆಯದವರಿಗೆ ಹಬ್ಬವೇ ಸರಿ. ಆದರೆ ಮೂರು ವರ್ಷದ ಹುಡುಗನನ್ನು ಅಲ್ಲಿಗೆ ಒಯ್ದರೆ ಮುಕ್ಕಾಲು ಪಾಲು ಆಟಗಳ ಬಾಗಿಲಲ್ಲಿ ಅವನ ಎತ್ತರ ಸಾಲುವುದಿಲ್ಲ, ಯಾರಾದರೊಬ್ಬರು ಅವನನ್ನು ಎತ್ತಿಕೊಂಡು ಹೊರಗೆ ನಿಲ್ಲಬೇಕಾಗುತ್ತದೆ. ಕುಟುಂಬದಲ್ಲಿ ಅತಿ ಚಿಕ್ಕವರು ಯಾರೋ ಅವರಿಗೆ ಹೊಂದುವ ಪಾರ್ಕನ್ನೇ ಆರಿಸಬೇಕೆಂಬುದು ತಮ್ಮನ ಹೆಂಡತಿಯ ಖಚಿತವಾದ ಅಭಿಪ್ರಾಯವಾಗಿತ್ತು. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆಂದೇ ರೂಪಿಸಿದ ಲೆಗೊಲ್ಯಾಂಡ್ ಹೀಗೆ ಗೆದ್ದಿತು.

ಕಾಗದಪತ್ರಗಳ ಕೆಲಸ ನಾವು ಎಣಿಸಿದ್ದಕ್ಕಿಂತ ಬೇಗ ಶುರುವಾಗಬೇಕಾಯಿತು. ಮಕ್ಕಳಿಬ್ಬರಿಗೂ ಪಾಸ್‌ಪೋರ್ಟ್ ಇರಲಿಲ್ಲ. ಅಪ್ರಾಪ್ತ ವಯಸ್ಸಿನವರ ಅರ್ಜಿಯೊಂದಿಗೆ ತಂದೆತಾಯಿ ಇಬ್ಬರೂ ಸಹಿ ಹಾಕಿದ ‘ಅನುಬಂಧ ಡಿ’ ಎಂಬ ಒಪ್ಪಿಗೆ ಪತ್ರವನ್ನು ಕೊಡಬೇಕು. ದೊಡ್ಡವರ ಭಾವಚಿತ್ರವನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ತೆಗೆಯುತ್ತಾರಾದರೂ ನಾಲ್ಕು ವರ್ಷದೊಳಗಿನ ಮಕ್ಕಳ ಫೋಟೊವನ್ನು ಬಿಳಿ ಹಿನ್ನೆಲೆಯಲ್ಲಿ ತೆಗೆಸಿ ನಾವೇ ಒಯ್ಯಬೇಕು. ಮಗನನ್ನು ಕಣ್ಣು ತೆರೆದು, ಬಾಯಿ ಮುಚ್ಚಿ, ನೇರ ನೋಡುವಂತೆ ಕುಳ್ಳಿರಿಸಿದ ಸ್ಟುಡಿಯೋದವರ ತಾಳ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ಮಕ್ಕಳ ಪಾಸ್‌ಪೋರ್ಟಿಗೆ ಐದು ವರ್ಷಗಳ ಅವಧಿ ಮಾತ್ರ ಎಂಬುದನ್ನೂ ನೆನಪಿಡಬೇಕು.

ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿ ಹೆಸರಿನದು. ಹೆಸರಿನ ಮುಂದೆ ಒಂದೆರಡು ಇನಿಶಿಯಲ್ ಹಾಕಿಕೊಂಡು ಬದುಕಿಡೀ ಕಳೆಯುವವರು ನಾವು. ಕುಲನಾಮದ ಜಾಗವನ್ನು ಖಾಲಿ ಬಿಟ್ಟ ಪಾಸ್‌ಪೋರ್ಟ್‌ಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಮ್ಮನದೂ ಅಂಥದ್ದೇ. ಹೀಗೆ ಒಂಟಿ ಹೆಸರಿರುವವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ ನಿಯಮ ಮಾಡಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕೆಂಬ ಸಡಿಲಿಕೆ ಆಮೇಲೆ ಬಂದಿತಾದರೂ, ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಂತು ನಿಯಮ ಬಿಡಿಸಿ ಹೇಳುವ ಪರಿಸ್ಥಿತಿ ಬೇಡವೆಂದು ಅಮ್ಮನ ಪಾಸ್‌ಪೋರ್ಟನ್ನು ಹೆಸರು ಸೇರಿಸಿ ಹೊಸದಾಗಿ ಮಾಡಿಸಿದೆವು. ಮಕ್ಕಳ ಅರ್ಜಿಯಲ್ಲಿ ಅಪ್ಪನ ಹೆಸರನ್ನೇ ಕುಲನಾಮದ ಜಾಗಕ್ಕೆ ಬರೆದೆವು. ವೀಸಾವನ್ನು ಮಾಡಿಸಿಕೊಟ್ಟ ಟ್ರಾವೆಲ್ಸ್‌ನವರು ಮಗನ ಜನ್ಮದಿನಾಂಕದಲ್ಲಿ ತಿಂಗಳನ್ನೂ ದಿನವನ್ನೂ ಅದಲುಬದಲು ಮಾಡಿ ಕಳುಹಿಸಿದ್ದರು. ಕೈಗೆ ಬಂದ ಕೂಡಲೇ ನಮ್ಮ ಮನೆಯವರು, ಅಂದರೆ ಮಕ್ಕಳ ಅಪ್ಪ, ಅಕ್ಷರ ಅಕ್ಷರ ಓದಿ ನೋಡಿದ್ದರಿಂದ ಅದನ್ನು ತಿದ್ದಿಸಲು ಸಮಯ ಸಿಕ್ಕಿತು.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕುಂಬಳೆ, ಮಂಜೇಶ್ವರ, ತಲಪಾಡಿ ದಾಟಿ ಮಂಗಳೂರಿನ ವಿಮಾನ ನಿಲ್ದಾಣ ಸೇರಿದರೆ ಅಲ್ಲಿಂದ ದುಬೈಗೆ ಸುಮಾರು ಮೂರೂವರೆ ಗಂಟೆಯ ಹಾದಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಮಕ್ಕಳು ಮೊದಲ ಕೆಲವು ದಿನ ಕತ್ತಲಿರುವಾಗಲೇ ಎದ್ದು ಕೂರುತ್ತಾರೆ ಎಂಬುದೊಂದೇ ತೊಂದರೆ. ಪಾರ್ಕಿಗೆ ಹೋಗುವ ದಿನ ಅದೇ ಒಂದು ಅನುಕೂಲವಾಯಿತು.

ದಿನದ ಆಯ್ಕೆಯನ್ನು ತಮ್ಮನೇ ಮಾಡಿದ. 2022ರಿಂದ ಅಲ್ಲಿ ಶನಿವಾರ ಮತ್ತು ಭಾನುವಾರ ವಾರದ ರಜೆ, ಶುಕ್ರವಾರ ಅರ್ಧ ದಿನ ಕೆಲಸ. ಹಾಗಾಗಿ ವಾರದ ನಡುವೆ ಒಂದು ದಿನ ರಜೆ ಹಾಕಿ ಹೋಗುವುದು ಲೇಸೆಂದು ಅವನ ಲೆಕ್ಕ. ಡಿಸೆಂಬರ್ ಕೊನೆಯಲ್ಲಿ ಅಲ್ಲಿಯ ಶಾಲೆಗಳಿಗೂ ಚಳಿಗಾಲದ ರಜೆಯಿರುವುದರಿಂದ ಜನ ಇರಲಿಲ್ಲವೆಂದಲ್ಲ, ಆದರೆ ನಡೆದಾಡಲು ಜಾಗವಿತ್ತು. ಈ ಹವಾಮಾನದಲ್ಲಿ ಬಂದದ್ದೇ ದೊಡ್ಡ ಪುಣ್ಯ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ ಡಿಸೆಂಬರಿನ ಹಗಲು 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಮ್ಮ ಏಪ್ರಿಲ್–ಮೇ ರಜೆಯಲ್ಲಿ ಅಲ್ಲಿಗೆ ಹೋಗುವ ಯೋಚನೆಯಿದ್ದವರು ಮಕ್ಕಳ ಮುಖ ನೋಡಿ ಅದನ್ನು ಬಿಡುವುದು ಒಳ್ಳೆಯದು. ಟಿಕೆಟನ್ನು ಮೊದಲೇ ಆನ್‌ಲೈನಿನಲ್ಲಿ ಕೊಂಡರೆ ಬಾಗಿಲಲ್ಲಿ ಕೊಳ್ಳುವುದಕ್ಕಿಂತ ಅಗ್ಗ. ಮೂರು ತುಂಬದ ಮಕ್ಕಳಿಗೆ ಟಿಕೆಟಿಲ್ಲ ಎಂಬ ರಿಯಾಯಿತಿ ನಮ್ಮ ಮಗನ ಕೈಯಿಂದ ಕೆಲವೇ ತಿಂಗಳಲ್ಲಿ ಜಾರಿಹೋಗಿತ್ತು. ತಮ್ಮನ ಮಗು ಮಾತ್ರ ಪುಕ್ಕಟೆಯಾಗಿ ಒಳಹೊಕ್ಕಿತು.

ಬೆಳಿಗ್ಗೆ ಬೇಗನೆ ಹೊರಟೆವು. ಶೇಖ್ ಜಾಯೆದ್ ರಸ್ತೆಯಲ್ಲಿ ಅಬುಧಾಬಿಯ ದಿಕ್ಕಿಗೆ, ಜೆಬೆಲ್ ಅಲಿಯ ಕಡೆಗೆ ಸಾಗಿದರೆ ‘ದುಬೈ ಪಾರ್ಕ್ಸ್ ಆ್ಯಂಡ್ ರೆಸಾರ್ಟ್ಸ್’ ಎಂಬ ದೊಡ್ಡ ಆವರಣ ಸಿಗುತ್ತದೆ. ಲೆಗೊಲ್ಯಾಂಡ್, ಅದರ ವಾಟರ್ ಪಾರ್ಕ್, ಮೋಷನ್‌ಗೇಟ್ ಎಲ್ಲ ಅದರೊಳಗೇ ಇವೆ. ದಾರಿಯಲ್ಲಿ ‘ಸಾಲಿಕ್’ ಎಂಬ ಸುಂಕದ ಕಮಾನುಗಳ ಕೆಳಗೆ ಕಾರು ನಿಲ್ಲದೆಯೇ ಹಾದುಹೋಗುತ್ತದೆ, ಹಣ ತಾನಾಗಿ ಕಡಿತವಾಗುತ್ತದೆ. ತಲಪಾಡಿ ಟೋಲಿನ ಸಾಲನ್ನು ಕಂಡುಂಡ ಮನೆಯವರು ಪ್ರತಿ ಕಮಾನಿನ ಕೆಳಗೂ ಹಿಂತಿರುಗಿ ನೋಡುತ್ತಿದ್ದರು. ಕಾರು ನಿಲ್ಲಿಸಿದ ಮೇಲೆ ಪಾರ್ಕಿನ ಬಾಗಿಲಿಗೆ ‘ರಿವರ್‌ಲ್ಯಾಂಡ್’ ಎಂಬ ಭಾಗದ ಮೂಲಕ ಹೋಗಬೇಕು. ನಡುವೆ ಕೃತಕ ಕಾಲುವೆ, ಎರಡೂ ಬದಿಗೆ ಹೋಟೆಲುಗಳು, ಅಂಗಡಿಗಳು. ಅದರಲ್ಲೊಂದು ಮೂಲೆಗೆ ‘ಇಂಡಿಯಾ ಗೇಟ್’ ಎಂದೇ ಹೆಸರು. ಇಲ್ಲಿಯೇ ಒಂದು ಮಾತು ಹೇಳಬೇಕು: ಪುಟ್ಟ ಮಕ್ಕಳಿದ್ದರೆ ಈ ನಡಿಗೆಯನ್ನೂ ದಿನದ ದಣಿವಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಮಗ ಪಾರ್ಕಿನ ಬಾಗಿಲು ತಲಪುವ ಮೊದಲೇ “ಎತ್ತಿಕೋ” ಎಂದು ಕೈ ಚಾಚಿದ. ಬಾಡಿಗೆಗೆ ಸ್ಟ್ರೋಲರ್ ಸಿಗುತ್ತದೆ. ತಮ್ಮನ ಮನೆಯಿಂದ ಒಂದನ್ನು ತಂದಿದ್ದರೂ ಮಗನಿಗಾಗಿ ಇನ್ನೊಂದನ್ನು ತೆಗೆದುಕೊಂಡೆವು, ಅದು ವ್ಯರ್ಥವಾಗಲಿಲ್ಲ.

ಬಾಗಿಲ ಬಳಿಯ ಆಟಗಳಿಗೆ ಎಲ್ಲರೂ ಮುಗಿಬೀಳುತ್ತಾರೆ, ಆದ್ದರಿಂದ ಮೊದಲು ಒಳಕ್ಕೆ ನಡೆದುಬಿಡಬೇಕೆಂಬುದು ತಮ್ಮನ ಹೆಂಡತಿಯ ಸೂಚನೆ. ಅವಳು ಹಿಂದೆಯೂ ಗೆಳತಿಯರ ಮಕ್ಕಳೊಂದಿಗೆ ಬಂದಿದ್ದವಳು. ಪಾರ್ಕಿನಲ್ಲಿ ನಲವತ್ತರಷ್ಟು ಆಟಗಳೂ ಪ್ರದರ್ಶನಗಳೂ ಇವೆ. ಆರು ವಿಭಾಗಗಳು, ಕೋಟೆ, ಈಜಿಪ್ಟ್, ನಗರ, ಹೀಗೆ ಒಂದೊಂದಕ್ಕೆ ಒಂದೊಂದು ರೂಪ. ಎಲ್ಲವನ್ನೂ ಮುಗಿಸುವ ಹಟ ಹಿಡಿದರೆ ಮಕ್ಕಳನ್ನು ಎಳೆದಾಡುವುದೇ ಆಗುತ್ತದೆಂದು ಅವಳು ಮೊದಲೇ ಹೇಳಿದ್ದಳು. ಪ್ರತಿ ಆಟದ ಬಾಗಿಲಲ್ಲಿಯೂ ಎತ್ತರ ಅಳೆಯುವ ಕೋಲು, ಅದರ ಪಕ್ಕದಲ್ಲಿ ವಯಸ್ಸಿನ ನಿಯಮದ ಫಲಕ. ಸಿಬ್ಬಂದಿ ನಗುನಗುತ್ತಲೇ ಮಾತಾಡುತ್ತಾರೆ, ಆದರೆ ಅಳತೆಯಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡುವುದಿಲ್ಲ. ನಮ್ಮ ಮುಂದಿದ್ದ ಒಬ್ಬ ತಂದೆ ಮಗನ ಚಪ್ಪಲಿಯ ದಪ್ಪವನ್ನೂ ಸೇರಿಸಿ ವಾದಿಸುತ್ತಿದ್ದರು. ಸಿಬ್ಬಂದಿ ಹುಡುಗಿ ಬಹಳ ವಿನಯದಿಂದ ಬೇರೆ ಆಟದ ದಾರಿ ತೋರಿಸಿದಳು. ಆ ಕೋಲು ಹೇಳಿದ್ದೇ ಕೊನೆಯ ಮಾತೆಂದು ಒಪ್ಪಿ ಮೊದಲೇ ಮಗುವಿಗೆ ತಿಳಿಸಿಟ್ಟರೆ ಅಳು ಅರ್ಧ ಕಡಿಮೆಯಾಗುತ್ತದೆ.

ಮಗಳ ಕಣ್ಣು ಮೊದಲಿನಿಂದಲೂ ಇದ್ದದ್ದು ‘ಡ್ರೈವಿಂಗ್ ಸ್ಕೂಲ್’ ಮೇಲೆ. ಆರು ವರ್ಷ ದಾಟಿದವರಿಗೆ ಒಂದು, ಮೂರರಿಂದ ಐದರವರಿಗೆ ಇನ್ನೊಂದು, ಹೀಗೆ ಎರಡು ಶಾಲೆಗಳಿವೆ. ದೊಡ್ಡವರ ಶಾಲೆಯೆಂದರೆ ನಿಜವಾದ ಪುಟ್ಟ ಊರೊಂದರ ರಸ್ತೆ: ನಾಲ್ಕು ದಾರಿ ಸೇರುವಲ್ಲಿ ಸಿಗ್ನಲ್, ವೃತ್ತ, ‘ನಿಲ್ಲಿ’ ಎನ್ನುವ ಫಲಕ, ಹಳದಿ ಬಿಳಿ ಗೆರೆಗಳು. ಬ್ಯಾಟರಿಯ ಪುಟ್ಟ ಕಾರುಗಳಿಗೆ ಕಂಬಿಯಿಲ್ಲ, ಹಗ್ಗವಿಲ್ಲ. ಮಗು ತಿರುಗಿಸಿದತ್ತ ತಿರುಗುತ್ತವೆ, ಕಾಲಿಟ್ಟರೆ ಓಡುತ್ತವೆ, ತೆಗೆದರೆ ನಿಲ್ಲುತ್ತವೆ. ತಂದೆತಾಯಿಗೆ ಬೇಲಿಯ ಹೊರಗೆ ಮಾತ್ರ ಜಾಗ. ಮಕ್ಕಳನ್ನು ಸಾಲಾಗಿ ಕುಳ್ಳಿರಿಸಿ ನಿಯಮ ಹೇಳಿಕೊಟ್ಟದ್ದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಒಂದನೆಯ ತರಗತಿ ಓದುತ್ತಿರುವ ನನ್ನ ಮಗಳು ಕಣ್ಣರಳಿಸಿ ಕುಳಿತಿದ್ದಳೇ ಹೊರತು ಅವಳಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಬೇಲಿಯ ಹೊರಗಿನಿಂದ ನಾನು ಕೈಸನ್ನೆ ಮಾಡುತ್ತಿದ್ದುದನ್ನು ಕಂಡ ಸಿಬ್ಬಂದಿಯವನೊಬ್ಬ ನಮ್ಮ ಮಾತಿನ ಧಾಟಿಯಿಂದಲೇ ಏನೋ ಊಹಿಸಿ, “ನಾಟಿಲ್ ಎವಿಡೆಯಾ?” (ಊರಲ್ಲಿ ಎಲ್ಲಿ?) ಎಂದು ಮಲಯಾಳದಲ್ಲಿ ಕೇಳಿದ. ಅವನು ನಮ್ಮ ಜಿಲ್ಲೆಯದೇ ಆದ ಕಾಞಂಗಾಡಿನವನು! ಮತ್ತೆ ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೆಂಪು, ಹಸಿರು, ನಿಲ್ಲುವುದು, ಹೊರಡುವುದು ಎಲ್ಲವನ್ನೂ ಮಲಯಾಳದಲ್ಲಿ ವಿವರಿಸಿದ. ನೆರೆಮನೆಯ ಮಕ್ಕಳೊಂದಿಗೆ ಆಡುತ್ತ ಆ ಮಾತು ಕಲಿತಿದ್ದ ಮಗಳು ತಲೆಯಾಡಿಸಿ ಕಾರು ಹತ್ತಿದಳು.

ಅವನು ಹೇಳದೇ ಉಳಿದ ಒಂದೇ ವಿಷಯವೆಂದರೆ ರಸ್ತೆಯ ಬದಿ. ಅಲ್ಲಿ ವಾಹನಗಳು ಬಲಗಡೆಯಿಂದ ಓಡುತ್ತವೆ. ನನ್ನ ಮಗಳು ಅಪ್ಪನ ಬೈಕಿನ ಮುಂದೆ ಕುಳಿತು ಬದಿಯಡ್ಕ ಪೇಟೆ ಸುತ್ತಿದವಳಾದ್ದರಿಂದ ಯಾವ ಸಂದೇಹವೂ ಇಲ್ಲದೆ ಎಡಗಡೆ ಹಿಡಿದಳು. ಎದುರಿನಿಂದ ಬಂದ ಕೆಂಪು ಕಾರಿನ ಹುಡುಗ ಅವಳ ಮುಂದೆ ಬಂದು ನಿಂತ. ಇವಳೂ ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ, ತಾವೇ ಸರಿಯೆಂಬ ಭಾವದಲ್ಲಿ ಕದಲದೆ ಕುಳಿತರು. ಹಿಂದೆ ಇನ್ನೂ ಎರಡು ಮೂರು ಕಾರುಗಳು ಬಂದು ಸೇರಿ ಕುಂಬಳೆ ಪೇಟೆಯ ಸಂಜೆಯಂತೆ ದಾರಿ ಕಟ್ಟಿತು. ಬೇಲಿಯ ಹೊರಗಿದ್ದ ಮನೆಯವರು “ಬಲಕ್ಕೆ, ಬಲಕ್ಕೆ” ಎಂದು ಕೂಗಿದರು. ಅವಳು ಚಕ್ರವನ್ನು ಪೂರ್ತಿ ಬಲಕ್ಕೆ ತಿರುಗಿಸಿ ನೇರ ದಾರಿಯ ಅಂಚಿನ ತಡೆಗೆ ಹೋಗಿ ಮುಟ್ಟಿಸಿದಳು. ಕಾಞಂಗಾಡಿನ ಹುಡುಗ ಓಡಿ ಬಂದು ಕಾರನ್ನು ಹಿಂದಕ್ಕೆಳೆದು ಸರಿಯಾದ ಬದಿಗೆ ಬಿಟ್ಟ ಮೇಲೆ ಅವಳು ಒಂದು ಸುತ್ತನ್ನು ಎಷ್ಟು ಗಂಭೀರವಾಗಿ ಮುಗಿಸಿದಳೆಂದರೆ, ಕೆಂಪು ದೀಪದ ಮುಂದೆ ನಿಂತಾಗ ನಮ್ಮತ್ತ ತಿರುಗಿಯೂ ನೋಡಲಿಲ್ಲ. ಕೊನೆಗೆ ಎಲ್ಲರಿಗೂ ಸಿಗುವ ‘ಲೈಸೆನ್ಸ್’ ಅವಳಿಗೂ ಸಿಕ್ಕಿತು. ಫೋಟೊ ಹಾಕಿಸಿಕೊಳ್ಳಬೇಕಾದರೆ ಬೇರೆ ಹಣ ಕೊಡಬೇಕು, ನಾವು ಹಾಕಿಸಲಿಲ್ಲ.

ಮಗನ ಶಾಲೆ ಇದಕ್ಕಿಂತ ಸರಳ. ಸಿಗ್ನಲಿಲ್ಲ, ದುಂಡಗಿನ ಒಂದು ದಾರಿ ಅಷ್ಟೇ. ಅವನು ಕಾರಿನಲ್ಲಿ ಕುಳಿತ, ಕಾಲಿಡಲಿಲ್ಲ. ಸುತ್ತಲಿನ ಕಾರುಗಳು ಓಡುತ್ತಿರುವಾಗ ಅವನು ಚಕ್ರ ತಿರುಗಿಸುತ್ತ, ಬಾಯಲ್ಲಿ ಸದ್ದು ಮಾಡುತ್ತ, ನಿಂತಲ್ಲೇ ತನ್ನ ಪ್ರಯಾಣ ಮುಗಿಸಿ ಸಂತೋಷದಿಂದ ಇಳಿದು ಬಂದ. ಟಿಕೆಟಿನ ಹಣದ ಲೆಕ್ಕ ಮನಸ್ಸಿನಲ್ಲಿ ಸುಳಿಯಿತೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವನಿಗಿಂತ ತೃಪ್ತಿಯಾದ ಚಾಲಕ ಆ ಅಂಗಳದಲ್ಲಿ ಬೇರೆ ಇರಲಿಲ್ಲ.

ನಗರದ ವಿಭಾಗದಲ್ಲೇ ಇರುವ ‘ರೆಸ್ಕ್ಯೂ ಅಕಾಡೆಮಿ’ ನಮ್ಮ ಕುಟುಂಬದ ಆಟವಾಯಿತು. ಅಗ್ನಿಶಾಮಕ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಒಂದೊಂದು ಗಾಡಿಗೆ ಒಂದೊಂದು ಕುಟುಂಬ. ಗಾಡಿ ತಾನಾಗಿ ಓಡುವುದಿಲ್ಲ, ಒಳಗಿರುವ ಸನ್ನೆಕೋಲನ್ನು ಮೇಲೆ ಕೆಳಗೆ ಜಗ್ಗಿ ಮುಂದಕ್ಕೆ ನೂಕಬೇಕು. ಆ ತುದಿ ತಲಪಿದ ಮೇಲೆ ಇಳಿದು, ಇನ್ನೊಂದು ಪಂಪನ್ನು ಒತ್ತಿ, ನಳಿಗೆಯಿಂದ ನೀರು ಹಾರಿಸಿ, ಎದುರಿನ ಕಟ್ಟಡದ ಕಿಟಕಿಯಲ್ಲಿ ಕಾಣುವ ಬೆಂಕಿಯ ಗುರಿಗೆ ಹೊಡೆಯಬೇಕು. ಆಮೇಲೆ ಮತ್ತೆ ಹತ್ತಿ, ಅದೇ ರೀತಿ ಜಗ್ಗಿ, ಮೊದಲು ಹಿಂದಿರುಗಿದವರು ಗೆದ್ದಂತೆ. ನಮ್ಮ ಪಕ್ಕದ ಗಾಡಿಗಳಲ್ಲಿ ಜಿಮ್ಮಿನ ದೇಹದ ಯುವಕರಿದ್ದರು. ಆದರೆ ಮನೆಯವರು ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಬಿಡುವಾಗ ಕೈಪಂಪು ಒತ್ತಿ ಬೆಳೆದವರು. ಮರದ ತುದಿಯಲ್ಲಿರುವವನಿಗೆ ಒತ್ತಡ ಕಡಿಮೆಯಾಗದಂತೆ ಗಂಟೆಗಟ್ಟಲೆ ಒಂದೇ ಲಯದಲ್ಲಿ ಪಂಪು ಹಾಕುವ ಆ ಅಭ್ಯಾಸ ಇಲ್ಲಿ ಕೈಹಿಡಿಯಿತು. ಉಳಿದವರು ಮೊದಲು ಜೋರಾಗಿ ಜಗ್ಗಿ ಅರ್ಧದಲ್ಲಿ ಬಸವಳಿದರು. ನಮ್ಮ ಗಾಡಿ ಅವಸರವಿಲ್ಲದೆ, ನಿಲ್ಲದೆ, ಮೊದಲು ಬಂದು ಸೇರಿತು. ನಳಿಗೆ ಹಿಡಿದಿದ್ದ ಮಗಳು ಬೆಂಕಿಗಿಂತ ಹೆಚ್ಚು ನೀರನ್ನು ಮಾವನ ಮೇಲೆಯೇ ಹಾರಿಸಿದ್ದಳು. ಮಂಡಿನೋವಿನ ಕಾರಣದಿಂದ ಅಮ್ಮನನ್ನು ಹೊರಗೆ ಬೆಂಚಿನ ಮೇಲೆ ಕುಳ್ಳಿರಿಸಿದ್ದೆವು. ಅವರು ಅಲ್ಲಿಂದಲೇ ಎದ್ದು ನಿಂತು ಅಳಿಯನಿಗೆ ಹುರಿದುಂಬಿಸಿದ್ದು ದುಬೈ ನೋಡಿದಷ್ಟೇ ಅಪರೂಪದ ನೋಟ.

ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಹೊರಗಿನ ಆಹಾರವನ್ನು ಒಳಗೆ ಒಯ್ಯುವಂತಿಲ್ಲ, ಎಳೆಮಗುವಿನ ಆಹಾರಕ್ಕೆ ಮಾತ್ರ ತಡೆಯಿಲ್ಲ. ಒಳಗೆ ಸಸ್ಯಾಹಾರಿಗಳಿಗೆ ಪಿಜ್ಜಾ, ಪಾಸ್ತಾ, ಆಲೂಗಡ್ಡೆ ಇಷ್ಟರಲ್ಲೇ ತೃಪ್ತಿಪಡಬೇಕು, ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡದಿರುವುದೇ ಹಿತ. ಮಕ್ಕಳು ಅದನ್ನೇ ಬೇಡಿದರು. ಅಮ್ಮ ಹೊರಗಿನದನ್ನು ತಿನ್ನುವವರಲ್ಲ. ಅವರಿಗಾಗಿ ತಂದ ಮೊಸರನ್ನ, ಉಪ್ಪಿನಕಾಯಿ ಕಾರಿನಲ್ಲಿತ್ತು. ಅದೇ ದಿನ ಮರಳಿ ಒಳಬರಲು ಅವಕಾಶವಿದ್ದುದರಿಂದ ಕೈಗೆ ಮುದ್ರೆ ಹಾಕಿಸಿಕೊಂಡು ತಮ್ಮ ಅವರನ್ನು ಹೊರಗೆ ಕರೆದೊಯ್ದ. ತಮ್ಮನ ಹೆಂಡತಿ ಶಿಶುಪಾಲನಾ ಕೋಣೆಯಲ್ಲಿ ಮಗುವಿಗೆ ಹಾಲು ಕೊಟ್ಟು ಮಲಗಿಸಿದಳು. ತಣ್ಣಗಿನ, ಶುಚಿಯಾದ, ಊಟ ಬಿಸಿಮಾಡುವ ಸೌಕರ್ಯವಿರುವ ಆ ಕೋಣೆಯನ್ನು ನೋಡಿ ನನಗೆ ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಮಗುವಿಗೆ ಹಾಲೂಡಿಸಲು ಮೂಲೆ ಹುಡುಕಿದ ದಿನಗಳ ನೆನಪಾಯಿತು. ಇಂಥ ಕೋಣೆಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ತಾಯಂದಿರು ಬರುತ್ತಾರೆಂಬ ನೆನಪು ಮಾತ್ರ.

ಮಧ್ಯಾಹ್ನದ ಬಿಸಿಲಿಗೆ ‘ಮಿನಿಲ್ಯಾಂಡ್’ ಎಂದು ತಮ್ಮ ಮೊದಲೇ ಯೋಜಿಸಿದ್ದ. ಬೇರೆ ದೇಶಗಳ ಲೆಗೊಲ್ಯಾಂಡ್‌ಗಳಲ್ಲಿ ಇದು ಬಯಲಲ್ಲಿರುವುದು ವಾಡಿಕೆ. ದುಬೈಯ ಬಿಸಿಲಿನ ಕಾರಣ ಇಲ್ಲಿ ಹವಾನಿಯಂತ್ರಿತ ಗುಮ್ಮಟದೊಳಗಿದೆ. ಪುಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳಿಂದಲೇ ಕಟ್ಟಿದ ಊರುಗಳು. ನಡುವೆ ಬುರ್ಜ್ ಖಲೀಫಾ. ನಿಜವಾದ ಕಟ್ಟಡದ ಎತ್ತರ 828 ಮೀಟರ್, ಇದರದು ಸುಮಾರು 17 ಮೀಟರ್. ಚಿಕ್ಕದೆಂದು ಕರೆಯುವುದಕ್ಕೂ ತಲೆಯೆತ್ತಿಯೇ ನೋಡಬೇಕು. ಗುಂಡಿ ಒತ್ತಿದರೆ ರೈಲು ಓಡುತ್ತದೆ, ದೋಣಿ ಚಲಿಸುತ್ತದೆ. ಮಕ್ಕಳಿಗಿಂತ ಇಲ್ಲಿ ಹೆಚ್ಚು ಹೊತ್ತು ನಿಂತವರು ಗಂಡಸರು. ಎಂಜಿನಿಯರನಾದ ನನ್ನ ತಮ್ಮ, ಭಾವನಿಗೆ ವಿವರಿಸುತ್ತಿದ್ದ: ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ 1932ರಲ್ಲಿ ಮರದ ಆಟಿಕೆ ಮಾಡಲು ಆರಂಭಿಸಿದ್ದು, ಮೇಲೆ ಗುಬುಟು, ಒಳಗೆ ಕೊಳವೆ ಇರುವ ಈಗಿನ ರೂಪದ ಇಟ್ಟಿಗೆಗೆ 1958ರಲ್ಲಿ ಪೇಟೆಂಟ್ ಕೋರಿದ್ದು, ಅಂದಿನ ಇಟ್ಟಿಗೆ ಇಂದಿನದರ ಮೇಲೂ ಬಿಗಿಯಾಗಿ ಕೂರುವುದು, ಅದೇ ಬಿಲ್ಲುಂಡಿನಲ್ಲಿ 1968ರಲ್ಲಿ ಮೊದಲ ಲೆಗೊಲ್ಯಾಂಡ್ ತೆರೆದದ್ದು, ದುಬೈಯದು 2016ರ ಅಕ್ಟೋಬರ್ 31ರಂದು ಬಾಗಿಲು ತೆರೆದದ್ದು. ಮನೆಯವರು ಎಲ್ಲವನ್ನೂ ಕೇಳಿ, “ಅಂಟಿಲ್ಲದೆ ಇಷ್ಟೆತ್ತರ ನಿಂತೀತೇ?” ಎಂದು ಕೇಳಿದರು. ಪ್ರದರ್ಶನಕ್ಕಿಡುವ ದೊಡ್ಡ ಮಾದರಿಗಳಿಗೆ ಅಂಟು ಹಾಕುತ್ತಾರೆಂದು ಕೇಳಿ ಅವರಿಗೆ ಸ್ವಲ್ಪ ನಿರಾಸೆಯಾದಂತಿತ್ತು. ಅಮ್ಮನಿಗೆ ಮಾತ್ರ ತಂಪಿನಲ್ಲಿ ನಿಧಾನವಾಗಿ ನಡೆದು ನೋಡಲು ಇದೇ ಸುಖವಾಯಿತು.

ಕೋಟೆಯ ವಿಭಾಗದಲ್ಲಿ ‘ದಿ ಡ್ರ್ಯಾಗನ್’ ಎಂಬ ರೋಲರ್ ಕೋಸ್ಟರ್ ಇದೆ. ಮೊದಲು ಕೋಟೆಯೊಳಗಿನ ಮಬ್ಬುಗತ್ತಲಲ್ಲಿ ರಾಜರಾಣಿಯರ, ಅಡುಗೆಯವರ ಇಟ್ಟಿಗೆಯ ಬೊಂಬೆಗಳ ನಡುವೆ ನಿಧಾನವಾಗಿ ಸಾಗಿ, ಬೆಂಕಿಯುಗುಳುವ ದೈತ್ಯ ಪ್ರಾಣಿಯ ಮುಂದೆ ಹಾದು, ಆಮೇಲೆ ಹೊರಗೆ ಬಂದು ಒಮ್ಮೆಲೇ ವೇಗ ಹಿಡಿಯುತ್ತದೆ. ಇಲ್ಲಿ ಮಗನ ಎತ್ತರ ಸಾಲಲಿಲ್ಲ. ಇಂಥಲ್ಲಿ ಇರುವ ಒಂದು ಒಳ್ಳೆಯ ವ್ಯವಸ್ಥೆಯೆಂದರೆ, ತಂದೆತಾಯಿ ಒಟ್ಟಿಗೇ ಸಾಲಿನಲ್ಲಿ ನಿಂತು, ಒಬ್ಬರು ಆಡಿ ಬರುವ ತನಕ ಇನ್ನೊಬ್ಬರು ಚಿಕ್ಕ ಮಗುವಿನೊಂದಿಗೆ ಕಾದು, ಆಮೇಲೆ ಮತ್ತೆ ಸಾಲು ಹಿಡಿಯದೆ ತಮ್ಮ ಸರದಿ ತೆಗೆದುಕೊಳ್ಳಬಹುದು. ಸಿಬ್ಬಂದಿಯೊಡನೆ ಕೇಳಬೇಕು, ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ಮೊದಲು ಮಗಳು ಅಪ್ಪನೊಂದಿಗೆ ಹೋದಳು, ಆಮೇಲೆ ನನ್ನೊಂದಿಗೂ ಬಂದಳು. ಅವಳಿಗೆ ಹೀಗೆ ಎರಡು ಸಲದ ಲಾಭ. ಮಗ ಹೊರಗೆ ನಿಂತು ಆ ಘರ್ಜನೆಯನ್ನು ಕೇಳಿ, “ಒಳಗೆ ಬಕಾಸುರ ಇದ್ದಾನಾ?” ಎಂದು ವಿಚಾರಿಸಿದ. ನಮ್ಮೂರ ಬಯಲಾಟಗಳಲ್ಲಿ ರಾತ್ರಿ ಎಚ್ಚರವಿದ್ದಷ್ಟು ಹೊತ್ತು ಅವನು ಕಂಡ ರಾಕ್ಷಸನೆಂದರೆ ಅವನೊಬ್ಬನೇ. ಇದ್ದಾನೆ ಎಂದ ಮೇಲೆ ತನಗೆ ಬೇಡವೆಂದು ತಾನೇ ತೀರ್ಮಾನಿಸಿದ. ಎತ್ತರದ ಕೋಲಿನ ವಿಷಯ ಹೇಳುವ ಪ್ರಮೇಯವೇ ಬರಲಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ ಆ ಕೋಸ್ಟರ್ ಚೆನ್ನಾಗಿತ್ತು, ಅಷ್ಟೇ. ಕುಳ್ಳಿರಿಸಿ, ಪಟ್ಟಿ ಬಿಗಿದು, ತಿರುಗಿಸಿ ಇಳಿಸುವ ಆಟಗಳು ಎಲ್ಲ ಜಾತ್ರೆಗಳಲ್ಲೂ ಇರುತ್ತವೆ. ಇಲ್ಲಿ ಬೆಲೆಬಾಳುವವು ಮಕ್ಕಳು ತಾವೇ ಏನನ್ನಾದರೂ ನಡೆಸಬೇಕಾದ ಆಟಗಳು: ಕಾರು ಓಡಿಸುವುದು, ಪಂಪು ಒತ್ತುವುದು, ದೋಣಿ ನಡೆಸುವುದು. ಒಂದು ಗೋಪುರದಂಥ ಆಟದಲ್ಲಿ ಹಗ್ಗವನ್ನು ನಾವೇ ಜಗ್ಗಿ ನಮ್ಮ ಆಸನವನ್ನು ಮೇಲಕ್ಕೇರಿಸಿಕೊಳ್ಳಬೇಕು, ಕೈಬಿಟ್ಟರೆ ಮೆಲ್ಲನೆ ಇಳಿಯುತ್ತದೆ. ಮಗಳು ಅದರಲ್ಲಿ ತುದಿ ಮುಟ್ಟಲಿಲ್ಲ. ಅರ್ಧಕ್ಕೇರಿ, ಕೈ ಸೋತು ಇಳಿದು, ಮತ್ತೆ ಏರಲು ಹೊರಟಳು. ಇಂಥ ಆಟಗಳ ಸಾಲೇ ಉಳಿದವಕ್ಕಿಂತ ಚಿಕ್ಕದಿದ್ದುದು ನನಗೆ ಆಶ್ಚರ್ಯ ತಂದಿತು.

ಸಂಜೆಯ ಹೊತ್ತಿಗೆ ಮಗನ ಸಹನೆ ತೀರಿತು. ಮಲಗುವ ವೇಳೆ ತಪ್ಪಿದ ಮಕ್ಕಳ ಅಳುವಿಗೆ ಕಾರಣ ಹುಡುಕಿ ಫಲವಿಲ್ಲ. ಅವನು ಟೊಪ್ಪಿಯ ಬಣ್ಣದ ವಿಷಯಕ್ಕೆ ನೆಲದ ಮೇಲೆ ಮಲಗಿದ. ತಮ್ಮನ ಹೆಂಡತಿ ನಮ್ಮನ್ನು ‘ಡ್ಯೂಪ್ಲೊ’ ಅಂಗಳಕ್ಕೆ ಕರೆದೊಯ್ದಳು. ಡ್ಯೂಪ್ಲೊ ಎಂದರೆ ಎಳೆಯ ಮಕ್ಕಳಿಗೆಂದು ಮಾಡಿದ ದೊಡ್ಡ ಇಟ್ಟಿಗೆ. ಉದ್ದ, ಅಗಲ, ಎತ್ತರ ಮೂರರಲ್ಲೂ ಸಾಮಾನ್ಯ ಇಟ್ಟಿಗೆಯ ಇಮ್ಮಡಿ, ಬಾಯಿಗೆ ಹಾಕಿದರೂ ಗಂಟಲಿಗಿಳಿಯದು. ಅಲ್ಲಿಯ ಇಟ್ಟಿಗೆಗಳ ರಾಶಿಯಲ್ಲಿ ಅವನು ಒಂದು ಸಾಲು ಜೋಡಿಸಿದ, ಕೆಡವಿದ, ಮತ್ತೆ ಜೋಡಿಸಿದ. ವರ್ಷ ತುಂಬದ ಮಗುವೂ ಸ್ಟ್ರೋಲರಿನಿಂದ ಇಳಿದು ಆ ಮೆತ್ತನೆಯ ನೆಲದ ಮೇಲೆ ಅಂಬೆಗಾಲಿಟ್ಟಿತು. ಉಳಿದ ಹೊತ್ತನ್ನೆಲ್ಲ ನಾವು ಅಲ್ಲಿಯೇ ಕಳೆದೆವು. ಈಜಿಪ್ಟಿನ ವಿಭಾಗದ ಬಂದೂಕಿನ ಆಟವನ್ನೂ ಇನ್ನೂ ಎಷ್ಟನ್ನೋ ನೋಡಲಿಲ್ಲ. ತಮ್ಮ ಒಮ್ಮೆ ನಕ್ಷೆ ಬಿಡಿಸಿ “ಇದೊಂದು...” ಎಂದು ಆರಂಭಿಸಿದವನು ಹೆಂಡತಿಯ ಮುಖ ನೋಡಿ ಮಡಚಿಟ್ಟ.

ಹೊರಬರುವ ದಾರಿ ಅಂಗಡಿಯ ಮೂಲಕವೇ ಇರುವುದು ಇಂಥ ಕಡೆಗಳ ಜಾಣತನ. ದೊಡ್ಡ ಪೆಟ್ಟಿಗೆಗಳು ಬೇಡ, ಬಿಡಿ ಇಟ್ಟಿಗೆಗಳನ್ನು ಆರಿಸಿ ತುಂಬಿಕೊಳ್ಳಬಹುದೆಂದು ಮೊದಲೇ ಮಕ್ಕಳೊಂದಿಗೆ ಒಪ್ಪಂದವಾಗಿತ್ತು. ಮಗಳು ಬಣ್ಣ ನೋಡಿ ಆರಿಸಿದಳು. ಮಗನ ಪಾಲಿನದನ್ನು ಹಣ ಕೊಡುವಲ್ಲಿ ತೆರೆದು ನೋಡಿದರೆ ಒಂದೂ ಇಟ್ಟಿಗೆಯಿರಲಿಲ್ಲ, ಬರೀ ಚಕ್ರಗಳು.

ಕಾರು ಹತ್ತುವಾಗ ಸೂರ್ಯ ಮುಳುಗಿ ಗಾಳಿ ತಣ್ಣಗಾಗಿತ್ತು. ಮುಂದಿನ ಸಲ ವಾಟರ್ ಪಾರ್ಕಿಗೆ ಹೋಗೋಣ, ಅದಕ್ಕೆ ಬೇರೆಯೇ ಟಿಕೆಟ್, ಎರಡನ್ನೂ ಒಂದೇ ದಿನ ಇಟ್ಟುಕೊಂಡರೆ ಮಕ್ಕಳಿಂದಾಗದು ಎಂದು ತಮ್ಮ ಲೆಕ್ಕ ಹಾಕತೊಡಗಿದ. ಅಮ್ಮ ಸೆರಗು ಹೊದ್ದುಕೊಳ್ಳುತ್ತ, “ಮುಂದಿನ ಸಲ ನೀವು ಹೋಗಿ ಬನ್ನಿ, ಮಗುವನ್ನು ನಾನು ಮನೆಯಲ್ಲೇ ನೋಡಿಕೊಳ್ಳುತ್ತೇನೆ” ಎಂದರು. ಸ್ವಲ್ಪ ತಡೆದು, “ಆ ಪಂಪಿನ ಗಾಡಿ ಮಾತ್ರ, ಮಂಡಿಯಲ್ಲಿ ಒತ್ತುವುದಲ್ಲವಲ್ಲ, ಕೈಯಲ್ಲಿ ತಾನೇ? ನನ್ನನ್ನು ಸುಮ್ಮನೆ ಹೊರಗೆ ಕೂರಿಸಿದಿರಿ” ಎಂದು ಸೇರಿಸಿದರು.